ಗರ್ಭಕಂಠವನ್ನು ಮೆದುಗೊಳಿಸುವ ಔಷಧಿಗಳು

ಗರ್ಭಕೋಶದ ಒಳಭಾಗವನ್ನು ಸಣ್ಣ ದರ್ಶಕದಿಂದ ನೋಡುವ ಹಿಸ್ಟರೋಸ್ಕೋಪಿ, ಒಳಪದರವನ್ನು ಕೆರೆದು ತೆಗೆಯುವ ಡಿ ಅಂಡ್ ಸಿ, ಶಸ್ತ್ರಕ್ರಿಯೆಯ ಗರ್ಭಪಾತ ಮೊದಲಾದವುಗಳಿಗೆ ಮುನ್ನ, ಬಿಗಿಯಾಗಿ ಮುಚ್ಚಿಕೊಂಡಿರುವ ಗರ್ಭಕಂಠವನ್ನು ಸಡಿಲಿಸಿ ತುಸು ತೆರೆಯಲು ಕೊಡುವ ಔಷಧಿಗಳು. ಗರ್ಭಕಂಠದಲ್ಲಿ ಸ್ನಾಯುವಿಗಿಂತ ಕೊಲಾಜನ್ ಎಂಬ ನಾರಿನ ಪ್ರೋಟೀನೇ ಹೆಚ್ಚು. ಒಂದಕ್ಕಿಂತ ಒಂದು ದಪ್ಪನಾದ ಹೆಗಾರ್ ಸಲಾಕೆಗಳನ್ನು ತೂರಿಸಿ ಅದನ್ನು ಬಲವಂತವಾಗಿ ಹಿಗ್ಗಿಸಿದರೆ ಕಂಠ ಹರಿಯುವ, ಗರ್ಭಕೋಶದ ಗೋಡೆಯೇ ತೂತಾಗುವ ಅಪಾಯವಿರುವುದರಿಂದ, ನಾರುಗಳ ಹೆಣಿಗೆಯನ್ನು ಮೊದಲೇ ಸಡಿಲಿಸಿಕೊಳ್ಳುವುದು ವಾಡಿಕೆ.

ಹೆಚ್ಚು ಬಳಕೆಯಲ್ಲಿರುವುದು ಮಿಸೊಪ್ರೊಸ್ಟಾಲ್. ದೇಹದಲ್ಲಿ ಸಹಜವಾಗಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಇ1 ಎಂಬ ರಾಸಾಯನಿಕವನ್ನು ಹೋಲುವಂತೆ ತಯಾರಿಸಿದ ಈ ಮಾತ್ರೆಯನ್ನು 1970ರ ದಶಕದಲ್ಲಿ ಅಮೆರಿಕದ ಸರ್ಲ್ ಕಂಪನಿ ರೂಪಿಸಿದ್ದು ಜಠರದ ಹುಣ್ಣಿಗಾಗಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಂತೆ, ಶಸ್ತ್ರಕ್ರಿಯೆಯ ಗರ್ಭಪಾತಕ್ಕೆ ಮುನ್ನ 400 ಮೈಕ್ರೊಗ್ರಾಂ ಮಾತ್ರೆಯನ್ನು ನಾಲಿಗೆಯಡಿ ಇಡುವುದಾದರೆ 1–2 ಗಂಟೆ, ಯೋನಿಯಲ್ಲಿ ಅಥವಾ ಕೆನ್ನೆಯ ಒಳಬದಿಯಲ್ಲಿ ಇಡುವುದಾದರೆ 2–3 ಗಂಟೆ ಮೊದಲು ಕೊಡಬೇಕು. ನಾಲಿಗೆಯಡಿಯ ಮಾತ್ರೆ ರಕ್ತಕ್ಕೆ ಬೇಗ ಸೇರುವುದರಿಂದ ಕಾಯುವ ಹೊತ್ತು ಕಡಿಮೆಯಾದರೂ ಚಳಿ ನಡುಕ, ವಾಕರಿಕೆ, ಭೇದಿಗಳು ಹೆಚ್ಚು. ಕಿಬ್ಬೊಟ್ಟೆಯ ನೋವು ಮತ್ತು ಅಲ್ಪ ರಕ್ತಸ್ರಾವ ಯಾವ ದಾರಿಯಲ್ಲಿ ಕೊಟ್ಟರೂ ಕಾಣಿಸಿಕೊಳ್ಳಬಹುದು.

ಪ್ರೊಸ್ಟಗ್ಲಾಂಡಿನ್ ಗುಂಪಿನವೇ ಆದ ಡೈನೊಪ್ರೊಸ್ಟೋನ್ ಮತ್ತು ಜೆಮೆಪ್ರೊಸ್ಟ್ ಸಹ ಕಂಠವನ್ನು ಮೆದುಗೊಳಿಸುತ್ತವೆ. ಆದರೆ ಅವನ್ನು ಶೀತಲ ಪೆಟ್ಟಿಗೆಯಲ್ಲಿ ಕಾಪಿಡಬೇಕು, ಬೆಲೆಯೂ ಹೆಚ್ಚು. ಮಿಸೊಪ್ರೊಸ್ಟಾಲ್ ಕೋಣೆಯ ತಾಪದಲ್ಲೇ ಕೆಡದೆ ಉಳಿಯುತ್ತದೆ. ಅದು ಮೇಲುಗೈ ಪಡೆದದ್ದು ಗುಣಕ್ಕಿಂತ ಈ ಅನುಕೂಲದಿಂದ ಎನ್ನಬೇಕು.

ಮಿಫೆಪ್ರಿಸ್ಟೋನ್‌ನ ದಾರಿ ಬೇರೆ. ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸವನ್ನು ಅದು ತಡೆಯುವುದರಿಂದ ಕಂಠ ತಾನಾಗಿ ಮೆತ್ತಗಾಗುತ್ತದೆ. ಆರಂಭಿಕ ಗರ್ಭದಲ್ಲಿ ಇದರ ಫಲ ಮಿಸೊಪ್ರೊಸ್ಟಾಲ್‌ಗೆ ಕಡಿಮೆಯೇನಲ್ಲ. ಆದರೆ 200 ಮಿಲಿಗ್ರಾಂ ಮಾತ್ರೆಯನ್ನು 24ರಿಂದ 48 ಗಂಟೆ ಮುಂಚೆಯೇ ನುಂಗಬೇಕಾಗಿರುವುದರಿಂದ, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬೇಕಾದವರಿಗೆ ಅದು ಒಗ್ಗುವುದಿಲ್ಲ.

ಗರ್ಭಿಣಿಯರಲ್ಲಿ ಕಂಡ ಫಲವನ್ನು ಎಲ್ಲರಿಗೂ ಅನ್ವಯಿಸಲಾಗದು. ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೊಜನ್ ಕೊರತೆಯಿಂದ ಕಂಠ ಕಿರಿದಾಗಿ ಗಡುಸಾಗಿರುವುದರಿಂದ, ಹಿಸ್ಟರೋಸ್ಕೋಪಿಗೆ ಮುನ್ನ ಮಿಸೊಪ್ರೊಸ್ಟಾಲ್ ಒಂದನ್ನೇ ಕೊಟ್ಟರೆ ಪ್ರಯೋಜನ ಅಷ್ಟಾಗಿ ಕಾಣದು. ಎರಡು ವಾರ ಮೊದಲಿನಿಂದ ಯೋನಿಯಲ್ಲಿ ಈಸ್ಟ್ರಡಯಾಲ್ ಮಾತ್ರೆ ಇಟ್ಟು ಬಳಿಕ ಮಿಸೊಪ್ರೊಸ್ಟಾಲ್ ಕೊಟ್ಟಾಗ ಕಂಠ ಹೆಚ್ಚು ಸುಲಭವಾಗಿ ಹಿಗ್ಗುವುದು ಕಂಡುಬಂದಿದೆ.