ರಟ್ಟಿನ ಹಿಂದೆ ಬರೆಯದ ಹೆಸರು

ಕಬ್ಬಾಳದುರ್ಗದ ಚರಿತ್ರೆ ಕೇಳಿದರೆ ಹೈದರ್, ಟಿಪ್ಪು ಕಾಲದ ಸೆರೆಮನೆಯ ಕತೆ ಸಿಗುತ್ತದೆ. ಬೆಟ್ಟದ ಕೆಳಗೆ ಬಾಳಿದವರ ಚರಿತ್ರೆ ಬೇಕೆಂದರೆ ನಾವು ನಡುಮನೆ ಗೋಡೆಯ ಹಳೇ ಫೋಟೊಗಳನ್ನೇ ನೋಡಬೇಕು.

ಮೈಸೂರು ಸೀಮೆಗೆ ಕ್ಯಾಮೆರಾ ಬೇಗನೇ ಬಂತು. ಲಿನೇಯಸ್ ಟ್ರೈಪ್ 1854ರಲ್ಲೇ ಬೇಲೂರು, ಹಳೇಬೀಡಿನ ಗುಡಿಗಳ ಫೋಟೊ ತೆಗೆದ. ಮನುಷ್ಯರ ಮುಖ ಮನೆಮನೆಗೆ ತಂದದ್ದು 1860ರ ದಶಕದಲ್ಲಿ ಲಂಡನ್ನಿನಿಂದ ಹಬ್ಬಿದ ಕ್ಯಾಬಿನೆಟ್ ಕಾರ್ಡ್‌ನಂಥ ಫೋಟೊಗಳು. ಮೊಟ್ಟೆಯ ಬಿಳಿ ಲೋಳೆ ಬಳಿದ ತೆಳು ಕಾಗದದ ಮೇಲೆ ಚಿತ್ರ. ಅದು ಸುರುಳಿ ಸುತ್ತದಂತೆ ಸುಮಾರು 4¼ ಇಂಚು ಅಗಲ, 6½ ಇಂಚು ಎತ್ತರದ ದಪ್ಪ ರಟ್ಟಿಗೆ ಅಂಟಿಸುತ್ತಿದ್ದರು. ರಟ್ಟಿನ ಕೆಳಗಡೆ ಸ್ಟುಡಿಯೊ ಹೆಸರು, ಊರು ಅಚ್ಚಾಗಿರುತ್ತಿತ್ತು.

ಅಮೆರಿಕದಲ್ಲಿ 1880ರ ದಶಕದ ಕೊನೆಗೆ ಓಲ್ಡ್ ಜಡ್ಜ್ ಸಿಗರೇಟಿನ ಕೂಪನ್ ಕೊಟ್ಟರೆ ಬೇಸ್‌ಬಾಲ್ ಆಟಗಾರರ ಇಂಥ ಕಾರ್ಡ್ ಸಿಗುತ್ತಿತ್ತು. ಇವತ್ತು ಸಂಗ್ರಾಹಕರು ಅವಕ್ಕೆ ದೊಡ್ಡ ಬೆಲೆ ಕೊಡುತ್ತಾರೆ. ಆಟಗಾರ ಯಾರು, ತಂಡ ಯಾವುದು ಎಂದು ಗೊತ್ತಿರುವುದೇ ಆ ಬೆಲೆಯ ಗುಟ್ಟು. ನಮ್ಮಲ್ಲೂ ಹಾಗೇ. ಮಹಾರಾಜರ ಫೋಟೊಗೆ ಗಿರಾಕಿ ಇದ್ದಾರೆ. ಹೆಸರು ಗೊತ್ತಿಲ್ಲದ ರುಮಾಲಿನ ಅಜ್ಜ ಗುಜರಿ ಪಾಲು.

ಗೆದ್ದಲು, ತೇವ ಫೋಟೊ ತಿನ್ನುತ್ತವೆ. ಹೊಸ ಕಟ್ಟು ಹಾಕಿಸುವಾಗ ರಟ್ಟಿನ ಅಂಚು ಕತ್ತರಿಸಿದರೆ ಸ್ಟುಡಿಯೊ ಹೆಸರೂ ಹೋಗುತ್ತದೆ. ಕಾಲ, ಊರು ಗುರುತಿಸುವ ದಾರಿ ಅಲ್ಲಿಗೆ ಮುಗಿಯಿತು. ರಟ್ಟು ಕತ್ತರಿಸಬೇಡಿ. ಎರಡೂ ಬದಿ ಮೊಬೈಲಿನಲ್ಲಿ ತೆಗೆದಿಡಿ. ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಮುಖ ನೋಡಿ ಹೆಸರು ಹೇಳುವ ಅಜ್ಜಿಯರು ಊರಲ್ಲಿ ಇನ್ನೂ ಇದ್ದಾರೆ. ಅವರನ್ನು ಈಗಲೇ ಕೇಳಬೇಕು.