ರಿಯೊ ಗ್ರಾಂಡೆಯ ದಡದಲ್ಲಿ ತುಂಗಭದ್ರೆಯ ನೆನಪು

ಆಸ್ಟಿನ್ನಿನಿಂದ ಡಾಲಸ್ಸಿಗೆ ಯುಗಾದಿಗೋ ರಾಜ್ಯೋತ್ಸವಕ್ಕೋ ಹೊರಟಾಗ ಐ-35 ಹೆದ್ದಾರಿಯಲ್ಲಿ ನಮಗೆ ಅಡ್ಡವಾಗುವುದು ಟ್ರಕ್ಕುಗಳ ಸಾಲು. 'ಇವುಗಳ ಕಾಟ ಎಂದಿಗೆ ತಪ್ಪುತ್ತದೋ' ಎಂದು ಗೊಣಗಿಕೊಳ್ಳುತ್ತೇವೆ. ಅವುಗಳಲ್ಲಿ ಎಷ್ಟೋ ಟ್ರಕ್ಕುಗಳು ಲರೇಡೊದಲ್ಲಿ ಮೆಕ್ಸಿಕೊ ಗಡಿ ದಾಟಿದ ಸರಕನ್ನು ಹೊತ್ತು ಬಂದವು. ನಾವು ಸಾರಿಗೆ ಹಾಕುವ ಟೊಮೇಟೊ, ಚಿತ್ರಾನ್ನಕ್ಕೆ ಹಿಂಡುವ ನಿಂಬೆ ಬರುವುದೂ ಬಹುಪಾಲು ಆ ಕಡೆಯಿಂದಲೇ. ಹ್ಯೂಸ್ಟನ್ನಿನ ಅಡುಗೆಮನೆಯ ಕಥೆಯೂ ಬೇರೆಯಲ್ಲ.

ಈ ವ್ಯಾಪಾರದ ಮಾತು ಬಂದೊಡನೆ ಎಲ್ಲರಿಗೂ ನೆನಪಾಗುವುದು ನಾಫ್ಟಾ. ಅದು ಜಾರಿಗೆ ಬಂದದ್ದು 1994ರ ಜನವರಿ 1ರಂದು. 2020ರ ಜುಲೈನಲ್ಲಿ ಅದರ ಜಾಗಕ್ಕೆ ಹೊಸ ಒಪ್ಪಂದ ಬಂತು. 2023ರಲ್ಲಿ ಸರಕು ವ್ಯಾಪಾರದಲ್ಲಿ ಮೆಕ್ಸಿಕೊ ಅಮೆರಿಕದ ಮೊದಲ ಪಾಲುದಾರನಾಯಿತು. ಆದರೆ ಈ ಎರಡು ನೆರೆಮನೆಗಳು ಕೂಡಿ ಬಾಳುವುದನ್ನು ಕಲಿತದ್ದು ಇದಕ್ಕೂ ಅರ್ಧ ಶತಮಾನ ಮೊದಲು, ಒಂದು ಹೊಳೆಯ ದಡದಲ್ಲಿ. ಆ ಕಥೆ ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಇನ್ನೊಂದು ಕಥೆಯ ಅವಳಿಯಂತಿದೆ.

1944ರ ಫೆಬ್ರವರಿ 3ರಂದು ಅಮೆರಿಕ ಮತ್ತು ಮೆಕ್ಸಿಕೊ ಒಂದು ನೀರಿನ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ಅಮೆರಿಕ ಕೊಲರಾಡೊ ನದಿಯಿಂದ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ನೀರನ್ನು ಮೆಕ್ಸಿಕೊಗೆ ಕೊಡಬೇಕು. (ಇದು ಪಶ್ಚಿಮದ ಕೊಲರಾಡೊ. ಆಸ್ಟಿನ್ನಿನ ನಡುವೆ ಹರಿಯುವ ನಮ್ಮ ಕೊಲರಾಡೊ ಬೇರೆ.) ಮೆಕ್ಸಿಕೊ ತನ್ನ ಆರು ಉಪನದಿಗಳಿಂದ ರಿಯೊ ಗ್ರಾಂಡೆಗೆ ಬಂದು ಸೇರುವ ನೀರಿನಲ್ಲಿ ಮೂರರಲ್ಲೊಂದು ಪಾಲನ್ನು ಅಮೆರಿಕಕ್ಕೆ ಬಿಡಬೇಕು, ಅದು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಎಕರೆ-ಅಡಿಗೆ ಕಡಿಮೆಯಾಗಬಾರದು. ನಮಗೆ ತಿಳಿಯುವ ಟಿ.ಎಂ.ಸಿ. ಲೆಕ್ಕದಲ್ಲಿ ಹೇಳುವುದಾದರೆ ಕೊಡುವುದು ಸುಮಾರು 65, ಪಡೆಯುವುದು ಸುಮಾರು 15. ಮೇಲ್ನೋಟಕ್ಕೆ ನಷ್ಟದ ವ್ಯಾಪಾರ! ಆದರೆ ಆ 15 ಟಿ.ಎಂ.ಸಿ. ಟೆಕ್ಸಸ್ಸಿನ ದಕ್ಷಿಣ ತುದಿಯ ಕಣಿವೆಯಲ್ಲಿ ಕಬ್ಬು, ಕಿತ್ತಳೆ, ತರಕಾರಿ ಬೆಳೆಯುವವರಿಗೆ ಜೀವಜಲ.

ನೀರನ್ನು ಹಿಡಿದಿಡಲು ಎರಡೂ ದೇಶಗಳು ಸೇರಿ ಫಾಲ್ಕನ್ ಅಣೆಕಟ್ಟು ಕಟ್ಟಿದವು. ಸಂಗ್ರಹದಲ್ಲಿ ಅಮೆರಿಕಕ್ಕೆ ಶೇ. 58.6, ಮೆಕ್ಸಿಕೊಗೆ ಶೇ. 41.4. ದಡಕ್ಕೊಂದು ವಿದ್ಯುತ್ ಕೇಂದ್ರ, ವಿದ್ಯುತ್ತಿನಲ್ಲಿ ಸಮಪಾಲು. 1953ರ ಅಕ್ಟೋಬರಿನಲ್ಲಿ ಇಬ್ಬರು ಅಧ್ಯಕ್ಷರು, ಐಸೆನ್‌ಹೋವರ್ ಮತ್ತು ರುಯಿಸ್ ಕೊರ್ತಿನೆಸ್, ಅದನ್ನು ಉದ್ಘಾಟಿಸಿದರು. ಮುಂದೆ 1969ರಲ್ಲಿ ಎದ್ದ ಎರಡನೆಯ ಅಣೆಕಟ್ಟಿನ ಹೆಸರೇ ಅಮಿಸ್ತಾದ್, ಅಂದರೆ ಸ್ನೇಹ.

ಈಗ ಹೊಸಪೇಟೆಗೆ ಬರೋಣ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು ಸರ್ ಆರ್ಥರ್ ಕಾಟನ್ನರ ಕಾಲದ್ದು, 1860ರ ಸುಮಾರಿನದು. ಆದರೆ ಬಲದಂಡೆಯ ಹೊಸಪೇಟೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ, ಎಡದಂಡೆಯ ಮುನಿರಾಬಾದ್ ನಿಜಾಮರ ಹೈದರಾಬಾದಿನಲ್ಲಿ. ಎರಡು ದಡದಲ್ಲೂ ಕನ್ನಡಿಗರೇ, ಸರ್ಕಾರ ಮಾತ್ರ ಎರಡು. ಮಾತುಕತೆಯಲ್ಲೇ ಎಂಬತ್ತು ವರ್ಷ ಕಳೆಯಿತು. ಕಡೆಗೆ ಒಪ್ಪಂದವಾದದ್ದು ಯಾವಾಗ ಗೊತ್ತೇ? ಅದೇ 1944ರಲ್ಲಿ, ಜೂನ್ ತಿಂಗಳಲ್ಲಿ. ಮರುವರ್ಷ ಫೆಬ್ರವರಿಯಲ್ಲಿ ಎರಡು ದಂಡೆಗಳಲ್ಲಿ ಎರಡು ಶಂಕುಸ್ಥಾಪನೆಗಳಾದವು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ನೀರು ಹಂಚುವುದಕ್ಕೆಂದು ತುಂಗಭದ್ರಾ ಮಂಡಳಿ ಹುಟ್ಟಿತು. ಅತ್ತ ಫಾಲ್ಕನ್, ಇತ್ತ ತುಂಗಭದ್ರಾ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇದ್ದೀತೆಂದು ನಮಗನಿಸುವುದಿಲ್ಲ, ಆದರೂ ಇಸವಿಗಳು ಇಷ್ಟು ಹೊಂದುತ್ತವೆ.

ಕೂಡಿ ಕಟ್ಟಿದ್ದರ ಲಾಭ ಕಣ್ಣಿಗೆ ಕಾಣುವಂಥದ್ದು. ಬರಕ್ಕೆ ಹೆಸರಾಗಿದ್ದ ಸೀಮೆಯಲ್ಲಿ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಗದ್ದೆ ಎದ್ದಿತು. ನಾವು ಇಲ್ಲಿ ಇಂಡಿಯನ್ ಅಂಗಡಿಯಿಂದ ಹೊತ್ತು ತರುವ ಸೋನಾ ಮಸೂರಿ ಆ ನೀರಿನ ಭತ್ತದ ತಳಿ. ಅನ್ನ ಅಲ್ಲಿಯದು, ಮೇಲೆ ಹಿಂಡುವ ನಿಂಬೆ ಮೆಕ್ಸಿಕೊದ್ದು!

ಬೆಲೆ ತೆತ್ತವರೂ ಇದ್ದಾರೆ. ತುಂಗಭದ್ರೆಯ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ಫಾಲ್ಕನ್ ಕೆರೆ 1750ರಲ್ಲಿ ಹುಟ್ಟಿದ ಗೆರೆರೊ ಎಂಬ ಮೆಕ್ಸಿಕನ್ ಊರನ್ನೂ ಟೆಕ್ಸಸ್ ದಡದ ಹಳೆಯ ಸಪಾಟಾವನ್ನೂ ನುಂಗಿತು. 1953ರ ಆಗಸ್ಟಿನಲ್ಲಿ ಹಠಾತ್ತನೆ ನೆರೆ ಬಂದು ಸಪಾಟಾದ ಜನ ಹೊಸ ಮನೆ ಸಿದ್ಧವಾಗುವ ಮೊದಲೇ ಗಂಟುಮೂಟೆ ಕಟ್ಟಬೇಕಾಯಿತು. ಕೆರೆ ಬತ್ತಿದಾಗ ಗೆರೆರೊದ ಹಳೆಯ ಇಗರ್ಜಿ ಮತ್ತೆ ಎದ್ದು ನಿಲ್ಲುತ್ತದೆ, ನಮ್ಮ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಕೆ.ಆರ್.ಎಸ್. ಬತ್ತಿದಾಗ ಕಾಣುತ್ತಿದ್ದಂತೆ.

ಇಲ್ಲಿಯವರೆಗೆ ಎರಡೂ ಕಥೆ ಜೊತೆಜೊತೆಯಾಗಿ ನಡೆಯುತ್ತವೆ. ಬೇರೆಯಾಗುವುದು ಬರಗಾಲದಲ್ಲಿ.

1944ರ ಅಮೆರಿಕ-ಮೆಕ್ಸಿಕೊ ಒಪ್ಪಂದದಲ್ಲಿ 'ಅಸಾಧಾರಣ ಬರ' ಬಂದರೆ ಮೆಕ್ಸಿಕೊ ರಿಯೊ ಗ್ರಾಂಡೆಯ ಬಾಕಿಯನ್ನು ಮುಂದಿನ ಐದು ವರ್ಷಗಳ ಅವಧಿಗೆ ಒಯ್ಯಬಹುದು ಎಂದಿದೆ. ಎಷ್ಟು ಬತ್ತಿದರೆ ಅಸಾಧಾರಣ ಎಂಬುದನ್ನು ಮಾತ್ರ ಬರೆದಿಲ್ಲ. ಹೀಗಾಗಿ ಬಾಕಿ ಬೆಳೆಯುತ್ತದೆ, ಗಡುವಿನ ವರ್ಷದಲ್ಲಿ ಜಗಳವಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬಾಕಿ ತೀರಿಸಲು ನೀರು ಬಿಡುತ್ತಾರೆಂದು ಚಿವಾವಾದ ರೈತರು ಬೊಕಿಯಾ ಅಣೆಕಟ್ಟನ್ನೇ ವಶಪಡಿಸಿಕೊಂಡರು. ಆ ಗಲಾಟೆಯಲ್ಲಿ ಗುಂಡಿಗೆ ಒಬ್ಬ ಹೆಣ್ಣುಮಗಳು ಬಲಿಯಾದಳು. ಈ ಕಡೆ 2024ರ ಫೆಬ್ರವರಿಯಲ್ಲಿ ಸಾಂಟಾ ರೋಸಾದ ಸಕ್ಕರೆ ಕಾರ್ಖಾನೆ ನೀರಿಲ್ಲದೆ ಮುಚ್ಚಿತು. ಅದು ಟೆಕ್ಸಸ್ಸಿನ ಕೊನೆಯ ಸಕ್ಕರೆ ಕಾರ್ಖಾನೆ; ಕಾಯಂ, ಹಂಗಾಮಿ ಸೇರಿ ಐನೂರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅದೇ ವರ್ಷ ನವೆಂಬರಿನಲ್ಲಿ, ಬಾಕಿ ಬೆಳೆಯುವ ಮೊದಲೇ ನೀರು ಬಿಡಲು ದಾರಿ ಮಾಡುವ ಹೊಸ ತಿಳಿವಳಿಕೆಗೆ ಎರಡೂ ದೇಶಗಳು ಸಹಿ ಹಾಕಿದವು. ಆದರೂ 2025ರ ಅಕ್ಟೋಬರಿನಲ್ಲಿ ಅವಧಿ ಮುಗಿದಾಗ ಬಾಕಿ ಉಳಿದೇ ಇತ್ತು.

ತುಂಗಭದ್ರೆಯಲ್ಲಿ ಲೆಕ್ಕ ಬೇರೆ. 212 ಟಿ.ಎಂ.ಸಿ.ಯಲ್ಲಿ ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01 ಎಂದು ಬಚಾವತ್ ನ್ಯಾಯಮಂಡಳಿಯ ಕಾಲದಲ್ಲಿ ಪಾಲಾಯಿತು. ಹೂಳು ತುಂಬಿ ಮೊದಲು 130ರ ಮೇಲಿದ್ದ ಜಲಾಶಯದ ಸಾಮರ್ಥ್ಯ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಆದರೆ ಮಂಡಳಿ ವರ್ಷವರ್ಷವೂ ಎಷ್ಟು ನೀರು ಬಂದೀತೆಂದು ಅಂದಾಜು ಮಾಡಿ, ಇರುವಷ್ಟನ್ನೇ ಅದೇ ಪ್ರಮಾಣದಲ್ಲಿ ಹಂಚುತ್ತದೆ. ಹತ್ತಿದ್ದರೆ ಹತ್ತರ ಪಾಲು, ಐದಿದ್ದರೆ ಐದರ ಪಾಲು. ಸಾಲ ಮುಂದಕ್ಕೆ ಹೋಗುವುದಿಲ್ಲ. ಎಲ್ಲವೂ ಸರಿ ಎಂದಲ್ಲ. ಕಾಲುವೆಯ ಕೊನೆಯಂಚಿನ ರಾಯಚೂರು ರೈತನ ಗೋಳು ಇನ್ನೂ ಮುಗಿದಿಲ್ಲ. ಆದರೆ 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ, ಗೇಟು ಯಾರದೆಂದು ಜಗಳವಾಡುತ್ತಾ ಯಾರೂ ಕೂರಲಿಲ್ಲ. ಒಂದು ವಾರದಲ್ಲಿ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಯಿತು.

ನೆರೆಹೊರೆಯವರ ಒಪ್ಪಂದಗಳಲ್ಲಿ ಲಾಭದ ಪಾಲನ್ನು ಬರೆಯುವುದು ಸುಲಭ. ಕೊರತೆಯ ಪಾಲನ್ನು ಬಿಡಿಸಿ ಬರೆದಿದ್ದಾರೆಯೇ ಎಂಬುದನ್ನು ನೋಡಿದರೆ ಅದು ಎಷ್ಟು ಬಾಳುತ್ತದೆಂದು ಗೊತ್ತಾಗುತ್ತದೆ. ನೀರಿಗೆ ನಿಜವಾದ ಈ ಮಾತು ಐ-35ರ ಟ್ರಕ್ಕುಗಳ ವ್ಯಾಪಾರಕ್ಕೂ ನಿಜ ಎಂದು ನಮ್ಮ ಭಾವನೆ.

ಹ್ಯೂಸ್ಟನ್ನಿನಿಂದ ಸಪಾಟಾಕ್ಕೆ ಐದಾರು ಗಂಟೆಯ ದಾರಿ. ಚಳಿಗಾಲದಲ್ಲೊಮ್ಮೆ ಹೋಗಿಬನ್ನಿ. ಹಾಗೆಯೇ ತುಂಗಭದ್ರೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಮುಂದಿನ ಸಲ ಫೋನು ಮಾಡಿದಾಗ ಆ ಊರಿನ ಸಂಗತಿ ಕೇಳಿ, ನಾಲ್ಕು ಸಾಲು ಬರೆದು ನಮ್ಮ ಬಳಗಕ್ಕೆ ಕಳುಹಿಸಿ.