ರುಜುವಿನ ಹಿಂದೆ ಯಾರಿದ್ದಾರೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬೋರ್ಡುಗಳನ್ನು ಓದುತ್ತ ನಡೆದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ವೈದ್ಯರು ನೋಂದಣಿ ಸಂಖ್ಯೆಯಿಲ್ಲದೆ ದವಾಖಾನೆ ನಡೆಸುವಂತಿಲ್ಲ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಾದಿಸುವ ವಕೀಲರಿಗೆ 1961ರ ಕಾಯ್ದೆ ಇದೆ. ಲೆಕ್ಕಪತ್ರಕ್ಕೆ ರುಜು ಹಾಕುವ ಚಾರ್ಟರ್ಡ್ ಅಕೌಂಟೆಂಟರಿಗೆ 1949ರದು, ಮನೆಯ ನಕ್ಷೆ ಬರೆಯುವ ಆರ್ಕಿಟೆಕ್ಟರಿಗೆ 1972ರದು. ಅದೇ ಮನೆಯ ಕಂಬ ಎಷ್ಟು ದಪ್ಪ ಇರಬೇಕು, ಅದರೊಳಗೆ ಎಷ್ಟು ಸರಳು ಹೋಗಬೇಕು ಎಂದು ನಿರ್ಧರಿಸುವ ಎಂಜಿನಿಯರಿಗೆ ಮಾತ್ರ ಅಂಥದೊಂದು ಕೇಂದ್ರ ಕಾಯ್ದೆ ಇಲ್ಲ. ಪದವಿ ಇದ್ದವರು ಎಂಜಿನಿಯರು, ಕೆಲವೊಮ್ಮೆ ಇಲ್ಲದವರೂ.

ಹಾಗಾದರೆ ಎಂಜಿನಿಯರನ ರುಜುವಿಗೆ ಬೆಲೆ ಬರುವುದು ಎಲ್ಲಿಂದ? ಈ ಪ್ರಶ್ನೆಗೆ ನೂರು ವರ್ಷಗಳಿಂದ ಅರ್ಧ ಉತ್ತರ ಕೊಡುತ್ತ ಬಂದಿರುವುದು ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ). ಉಳಿದರ್ಧ ಉತ್ತರ ಇನ್ನೂ ಸಿಕ್ಕಿಲ್ಲ. ರೈಲ್ವೆ ವರ್ಕ್‌ಶಾಪಿನಿಂದ ಐಐಟಿಯವರೆಗೆ ಬೆಳೆದ ಹುಬ್ಬಳ್ಳಿ-ಧಾರವಾಡದಲ್ಲಿ ನಿಂತು ಆ ಕಥೆಯನ್ನು ನೋಡಿದರೆ ಎರಡೂ ಅರ್ಧಗಳು ಸ್ಪಷ್ಟವಾಗಿ ಕಾಣುತ್ತವೆ.

ಕಾಲೇಜಿಗಿಂತ ಮೊದಲು ಕಾರ್ಖಾನೆ

ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಆ ದಶಕದಲ್ಲೇ ಹುಬ್ಬಳ್ಳಿಗೆ ಹಳಿ ಬಂತು, ವರ್ಕ್‌ಶಾಪೂ ಬಂತು. ಹತ್ತಿ ವ್ಯಾಪಾರದ ಊರು ಕಬ್ಬಿಣದ ಊರೂ ಆಯಿತು. ಫಿಟ್ಟರ್, ಟರ್ನರ್, ಮೋಲ್ಡರ್ ಎಂಬ ಹೆಸರುಗಳು ಮನೆಮನೆಯ ಮಾತಾದವು, ಭೋಂಗಾ ಕೂಗಿದಾಗ ಓಣಿಯ ಗಂಡಸರು ಎದ್ದು ಹೊರಡುವುದು ದಿನಚರಿಯಾಯಿತು. ಎಂಜಿನಿಯರಿಂಗ್ ಕಾಲೇಜು ಬರುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಇಲ್ಲಿ ಎಂಜಿನಿಯರಿಂಗ್ ಕೆಲಸ ಇತ್ತು.

ಆದರೆ ಕೆಲಸ ಬಲ್ಲವನು ಬೇರೆ, ರುಜು ಹಾಕುವವನು ಬೇರೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಎಂಜಿನಿಯರಾಗಬೇಕೆಂದರೆ ಪುಣೆಗೆ ಹೋಗಬೇಕಿತ್ತು. ಅಲ್ಲಿನ ತಾಂತ್ರಿಕ ಶಾಲೆ 1854ರಷ್ಟು ಹಳೆಯದು. ಮೈಸೂರು ಸೀಮೆಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೂ ಕಲಿತದ್ದು ಅಲ್ಲಿಯೇ. 1884ರಲ್ಲಿ ಅವರು ಸೇರಿದ್ದು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ. ಮೇಲಿನ ಹುದ್ದೆಗಳಲ್ಲಿ ಬ್ರಿಟಿಷರೇ ತುಂಬಿದ್ದ ಆ ಇಲಾಖೆಯಲ್ಲಿ ಭಾರತೀಯನ ಅರ್ಹತೆಯನ್ನು ಅಳೆಯುವ ಗಜಕಡ್ಡಿ ಲಂಡನ್ನಿನಲ್ಲಿತ್ತು. ಸಿವಿಲ್ ಎಂಜಿನಿಯರುಗಳ ಸಂಸ್ಥೆ ಅಲ್ಲಿ 1818ರಲ್ಲೇ ಹುಟ್ಟಿ, ಹತ್ತು ವರ್ಷದಲ್ಲಿ ರಾಜ ಸನದು, ಅಂದರೆ ಚಾರ್ಟರ್, ಪಡೆದಿತ್ತು. ಅದರ ಸದಸ್ಯತ್ವದ ಅಕ್ಷರಗಳು ಹೆಸರಿನ ಮುಂದೆ ಬಂದರೆ ಆತ ಎಂಜಿನಿಯರು.

ನಮ್ಮದೇ ಗಜಕಡ್ಡಿ

ಮೊದಲ ಮಹಾಯುದ್ಧ ಈ ಲೆಕ್ಕಾಚಾರವನ್ನು ಕೆಡಿಸಿತು. ಹಡಗುಗಳು ಬಾರದೆ ಯಂತ್ರದ ಬಿಡಿಭಾಗ ಸಿಗದಾದಾಗ, ಭಾರತ ತನ್ನದೇ ಕೈಗಾರಿಕೆ ಕಟ್ಟಿಕೊಳ್ಳದೆ ಗತಿಯಿಲ್ಲ ಎಂಬುದು ಸರ್ಕಾರಕ್ಕೂ ಅರ್ಥವಾಯಿತು. ಥಾಮಸ್ ಹಾಲೆಂಡ್ ಅಧ್ಯಕ್ಷತೆಯ ಕೈಗಾರಿಕಾ ಆಯೋಗ 1916ರಿಂದ 1918ರವರೆಗೆ ಕೆಲಸ ಮಾಡಿತು. ಎಂಜಿನಿಯರುಗಳಿಗೆ ದೇಶಮಟ್ಟದ ಸಂಸ್ಥೆಯೊಂದು ಬೇಕೆಂಬ ವಿಚಾರ ಮೊಳೆತದ್ದು ಆ ಕಾಲದಲ್ಲಿ. 1920ರಲ್ಲಿ ಮದ್ರಾಸಿನಲ್ಲಿ ನೋಂದಣಿಯಾದ ಸಂಸ್ಥೆಯನ್ನು 1921ರ ಫೆಬ್ರವರಿ 23ರಂದು ಕಲಕತ್ತೆಯಲ್ಲಿ ವೈಸರಾಯ್ ಚೆಮ್ಸ್‌ಫರ್ಡ್ ಉದ್ಘಾಟಿಸಿದರು. 1935ರಲ್ಲಿ ರಾಜ ಸನದು ಸಿಕ್ಕಿತು. ಕೇಂದ್ರ ಕಚೇರಿ ಇಂದಿಗೂ ಕೋಲ್ಕತ್ತಾದಲ್ಲೇ ಇದೆ. ಸಿವಿಲ್, ಮೆಕ್ಯಾನಿಕಲ್‌ನಿಂದ ಹಿಡಿದು ಜವಳಿ, ಕೃಷಿ ಎಂಜಿನಿಯರಿಂಗಿನವರೆಗೆ 15 ವಿಭಾಗಗಳು ಅದರ ಸೂರಿನಡಿ ಇವೆ.

ಸನದಿನಿಂದ ಹುಟ್ಟಿದ್ದು ‘ಚಾರ್ಟರ್ಡ್ ಎಂಜಿನಿಯರ್’ ಎಂಬ ಬಿರುದು. ಹೊರದೇಶದಿಂದ ಬಳಸಿದ ಯಂತ್ರ ತರಿಸುವ ಸಣ್ಣ ಕಾರ್ಖಾನೆಯ ಮಾಲೀಕರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಯಂತ್ರದ ವಯಸ್ಸೆಷ್ಟು, ಬೆಲೆ ಎಷ್ಟು, ಇನ್ನೆಷ್ಟು ವರ್ಷ ಬಾಳೀತು ಎಂಬುದಕ್ಕೆ ಕಸ್ಟಮ್ಸ್‌ನವರು ಕೇಳುವುದು ಚಾರ್ಟರ್ಡ್ ಎಂಜಿನಿಯರನ ಪ್ರಮಾಣಪತ್ರವನ್ನು.

ರಾತ್ರಿ ಓದಿ ಎಂಜಿನಿಯರಾದವರು

ಸಂಸ್ಥೆ ಸಾಮಾನ್ಯರ ಬದುಕನ್ನು ಮುಟ್ಟಿದ್ದು ಸನದಿನಿಂದಲ್ಲ, ಪರೀಕ್ಷೆಯಿಂದ. 1928ರಲ್ಲಿ ಶುರುವಾದ ಆ ಪರೀಕ್ಷೆಯನ್ನು ಮುಂದೆ ದೇಶವೆಲ್ಲ ಎಎಂಐಇ ಎಂದು ಕರೆಯಿತು. ಎ ಮತ್ತು ಬಿ ಎಂದು ಎರಡು ಸೆಕ್ಷನ್. ಕಾಲೇಜಿಗೆ ಕಾಲಿಡದೆ, ನೌಕರಿ ಬಿಡದೆ ಎರಡನ್ನೂ ಮುಗಿಸಿದರೆ ಸರ್ಕಾರ ಅದನ್ನು ಬಿ.ಇ. ಪದವಿಗೆ ಸಮಾನವೆಂದು ಒಪ್ಪುತ್ತಿತ್ತು.

ವರ್ಕ್‌ಶಾಪಿನ ಊರಿಗೆ ಇದು ಎಂಥ ಬಾಗಿಲು ಎಂದು ಬಿಡಿಸಿ ಹೇಳಬೇಕಿಲ್ಲ. ಡಿಪ್ಲೊಮಾ ಮುಗಿಸಿ ಓವರ್‌ಸಿಯರ್ ಆದವನಿಗೆ, ರೈಲ್ವೆಯ ಚಾರ್ಜ್‌ಮನ್‌ಗೆ, ನೀರಾವರಿ ಇಲಾಖೆಯ ಕೆಳದರ್ಜೆಯ ತಂತ್ರಜ್ಞನಿಗೆ ಬಡ್ತಿಯ ಮೆಟ್ಟಿಲಿದ್ದದ್ದು ಇದೊಂದೇ. ಹಗಲು ಕೆಲಸ, ರಾತ್ರಿ ಗಣಿತ. ಉತ್ತೀರ್ಣರಾಗುವುದು ಸುಲಭವಲ್ಲ; ಒಂದೊಂದು ವಿಷಯಕ್ಕೆ ವರ್ಷಗಟ್ಟಲೆ ಬಡಿದಾಡಿದವರಿದ್ದರು. ಹಾಗೆ ದಾಟಿ ಬಂದವರಿಗೆ ಯಂತ್ರದ ಒಳಗುಟ್ಟು ಮೊದಲೇ ಗೊತ್ತಿತ್ತು, ಸೂತ್ರ ಆಮೇಲೆ ಬಂತು.

ಆ ಬಾಗಿಲು ಈಗ ಮೊದಲಿನಷ್ಟು ತೆರೆದಿಲ್ಲ. ಶಾಶ್ವತ ಸಮಾನತೆಯ ಮಾನ್ಯತೆ 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಎಂದು ಕೇಂದ್ರ ಸರ್ಕಾರ ಗೆರೆ ಎಳೆಯಿತು. ಸಂಸ್ಥೆಯನ್ನು ‘ಎಎಂಐಇ ಕೊಡುವ ಆಫೀಸು’ ಎಂದಷ್ಟೇ ಬಲ್ಲ ತಲೆಮಾರಿಗೆ, ಇನ್ನು ಅದರ ಕೆಲಸವೇನು ಎಂಬ ಪ್ರಶ್ನೆ ಎದುರಾಯಿತು.

1947: ಒಂದೇ ವರ್ಷ, ಎರಡು ಆರಂಭ

ಪರೀಕ್ಷೆಗಿಂತ ದೊಡ್ಡದಾದ, ಆದರೆ ಹೆಚ್ಚು ಜನರಿಗೆ ಗೊತ್ತಿರದ ಕೊಡುಗೆ ಇನ್ನೊಂದಿದೆ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ದೇಶಕ್ಕೆ ತನ್ನದೇ ಮಾನಕಗಳು ಬೇಕು ಎಂದಾಗ, ಅವುಗಳನ್ನು ರೂಪಿಸುವ ಸಂಸ್ಥೆಯ ಸಂವಿಧಾನದ ಮೊದಲ ಕರಡು ಬರೆದದ್ದು ಇದೇ ಎಂಜಿನಿಯರುಗಳ ಸಂಸ್ಥೆ. 1947ರ ಜನವರಿ 6ರಂದು ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. ಕುಕ್ಕರಿನ ಮೇಲೆ, ಸಿಮೆಂಟ್ ಚೀಲದ ಮೇಲೆ ನಾವು ಹುಡುಕುವ ಐಎಸ್‌ಐ ಮುದ್ರೆಯ ಮೂಲ ಅದು.

ಮಾನಕವೆಂದರೆ ದಿಲ್ಲಿಯ ಕಾಗದ ಎಂದುಕೊಳ್ಳುವಂತಿಲ್ಲ. ಹುಬ್ಬಳ್ಳಿಯ ಸುತ್ತಲಿನ ಎರಿ ಭೂಮಿಯನ್ನೇ ನೋಡಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬ್ಯಾಸಗಿಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಯ ಗೋಡೆ ಬಾಗಿಲ ಮೂಲೆಯಿಂದ ಓರೆಯಾಗಿ ಸೀಳುವುದನ್ನು ಇಲ್ಲಿನ ಪ್ರತಿ ಗೌಂಡಿಯೂ ಬಲ್ಲ. ಇಂಥ ಮಣ್ಣಿಗೆಂದೇ ಬುಡದಲ್ಲಿ ಗೆಡ್ಡೆಯಂತೆ ಅಗಲವಾಗುವ ಪೈಲುಗಳನ್ನು ಮಣ್ಣು ಉಬ್ಬದಷ್ಟು ಆಳಕ್ಕೆ ಇಳಿಸುವ ವಿಧಾನ ಬಂತು. ಅದರ ಲೆಕ್ಕ ಐಎಸ್ 2911ರ ಮೂರನೇ ಭಾಗದಲ್ಲಿದೆ. ಕಾಂಕ್ರೀಟಿನ ಮೂಲ ಗ್ರಂಥವಾದ ಐಎಸ್ 456 ಮೊದಲು ಬಂದದ್ದು 1953ರಲ್ಲಿ; ಈಗ ಬಳಕೆಯಲ್ಲಿರುವುದು 2000ದ ಪರಿಷ್ಕರಣೆ. ಬರೆದಿಟ್ಟ ಅನುಭವ ಹೀಗೆ ಒಬ್ಬರಿಂದ ಎಲ್ಲರಿಗೂ ಹರಿಯುತ್ತದೆ.

ಅದೇ 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಕಟ್ಟಿದ್ದು, 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಆರಂಭಿಸಿದ ಕೆಎಲ್ಇ ಸಂಸ್ಥೆ. ಪುಣೆಯ ದಾರಿ ಹಿಡಿಯಬೇಕಿದ್ದ ಹುಡುಗರಿಗೆ ಮನೆಯ ಹತ್ತಿರವೇ ಪದವಿ ಸಿಕ್ಕಿತು. ಜನರ ಬಾಯಲ್ಲಿ ಅದು ಇಂದಿಗೂ ಬಿವಿಬಿಯೇ, 2015ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾದ ಮೇಲೂ.

ಸುಧಾ ಮೂರ್ತಿ ತರಗತಿಯಲ್ಲಿ ಒಬ್ಬಳೇ ಹುಡುಗಿಯಾಗಿ ಕೂತು ಓದಿದ್ದು ಇದೇ ಬಿವಿಬಿಯಲ್ಲಿ. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದ ಟೆಲ್ಕೊ ಜಾಹೀರಾತು ಕಂಡು ಅವರು ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದದ್ದು, ನೌಕರಿ ಪಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದೇ ಕಂಪನಿ ಟಾಟಾ ಮೋಟರ್ಸ್ ಆಗಿ, ಬಸ್ ಕಟ್ಟಲು ಧಾರವಾಡಕ್ಕೆ ಬಂತು ಎನ್ನುವುದು ಈ ಕಥೆಯ ಸ್ವಾರಸ್ಯದ ಬಾಲ. ಆದರೆ ಇಲ್ಲಿ ಕೇಳಬೇಕಾದ ಮಾತು ಬೇರೆ: ಎಂಜಿನಿಯರ್ ಹೆಣ್ಣುಮಗಳೊಬ್ಬಳು ಅಂದು ನ್ಯಾಯಕ್ಕಾಗಿ ಕಂಪನಿಯ ಯಜಮಾನರಿಗೇ ಬರೆಯಬೇಕಾಯಿತು. ವೃತ್ತಿಯ ಪರವಾಗಿ ದನಿಯೆತ್ತಬೇಕಾದ ವೇದಿಕೆಯ ನೆನಪು ಆ ಕಥೆಯಲ್ಲಿ ಎಲ್ಲಿಯೂ ಸುಳಿಯುವುದಿಲ್ಲ.

ಸಂಸ್ಥೆಗಳು ಹೆಚ್ಚಿದವು, ದನಿ ಹಂಚಿತು

1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. 1962ರಲ್ಲಿ ಎರಡೂ ಊರು ಸೇರಿ ಮಹಾನಗರ ಪಾಲಿಕೆಯಾಯಿತು. ಊರು ಬೆಳೆದಂತೆ ಎಂಜಿನಿಯರುಗಳ ಕೆಲಸವೂ ಬೆಳೆಯಿತು: ಬೇಡ್ತಿ ಹಳ್ಳದ ನೀರಸಾಗರ ಸಾಲದಾದಾಗ ಮಲಪ್ರಭೆಯ ನೀರು, ಗೋಕುಲ ರಸ್ತೆಯ ಮತ್ತು ತಾರಿಹಾಳದ ಕಾರ್ಖಾನೆಗಳು, ವಾಲ್ವ್ ತಯಾರಿಕೆ. 1979ರಲ್ಲಿ ಧಾರವಾಡದಲ್ಲಿ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, 2015ರಲ್ಲಿ ಐಐಐಟಿ, 2016ರಲ್ಲಿ ನೆಲ-ಜಲ ನಿರ್ವಹಣೆಯ ಸಂಸ್ಥೆ ವಾಲ್ಮಿಯ ಆವರಣದಲ್ಲಿ ಐಐಟಿ ಬಂದವು. 2023ರ ಮಾರ್ಚ್ 12ರಂದು ಒಂದೇ ದಿನ ಐಐಟಿಯ ಸ್ವಂತ ಆವರಣವೂ, ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮೂ ಉದ್ಘಾಟನೆಯಾದವು.

ಇತ್ತ ವೃತ್ತಿ ಸಂಸ್ಥೆಗಳೂ ಕವಲೊಡೆದವು. ರಸ್ತೆಯವರಿಗೆ 1934ರ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಎಲೆಕ್ಟ್ರಾನಿಕ್ಸ್‌ನವರಿಗೆ 1953ರ ಐಇಟಿಇ, ಕಂಪ್ಯೂಟರಿನವರಿಗೆ 1965ರ ಕಂಪ್ಯೂಟರ್ ಸೊಸೈಟಿ, ಸಲಹೆಗಾರ ಸಿವಿಲ್ ಎಂಜಿನಿಯರುಗಳಿಗೆ 1985ರಲ್ಲಿ ಇನ್ನೊಂದು. ಇವನ್ನೆಲ್ಲ ಒಂದೇ ಸೂರಿನಡಿ ತರಲು 2002ರಲ್ಲಿ ಎಂಜಿನಿಯರಿಂಗ್ ಕೌನ್ಸಿಲ್ ಆಫ್ ಇಂಡಿಯಾ ಬಂತು, ಕಾಯ್ದೆಯ ಬಲವಿಲ್ಲದೆ. ಪದವಿಯ ಗುಣಮಟ್ಟ ಅಳೆಯುವ ಕೆಲಸ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಪಾಲಾಯಿತು. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶ ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದಾಗ ದೇಶದ ಪರವಾಗಿ ಕೂತದ್ದು ಆ ಮಂಡಳಿಯೇ.

ಹೀಗೆ ಪದವಿ ಒಬ್ಬರ ಕೈಗೆ, ಮಾನಕ ಇನ್ನೊಬ್ಬರ ಕೈಗೆ, ಪರವಾನಗಿ ಪಾಲಿಕೆಯ ಕೈಗೆ ಹೋಯಿತು. ವೃತ್ತಿ ಸಂಸ್ಥೆಗೆ ಉಳಿದದ್ದು ಉಪನ್ಯಾಸ, ವಿಚಾರ ಸಂಕಿರಣ, ವಿದ್ಯಾರ್ಥಿ ಘಟಕ ಮತ್ತು ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ. ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ, ಹಿರಿಯರಿಗೆ ಶಾಲು. ಬೇಡವೆಂದಲ್ಲ, ಆದರೆ ಅಷ್ಟೇ ಸಾಲದು.

ಕುಮಾರೇಶ್ವರ ನಗರದ ಆ ಮಧ್ಯಾಹ್ನ

ಸಾಲದು ಎಂಬುದು 2019ರ ಮಾರ್ಚ್ 19ರಂದು ಗೊತ್ತಾಯಿತು. ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ವಾಣಿಜ್ಯ ಕಟ್ಟಡ ಮಧ್ಯಾಹ್ನದ ಹೊತ್ತಿಗೆ ಕುಸಿಯಿತು. ದಿನಗಟ್ಟಲೆ ಅವಶೇಷ ತೆಗೆದರು, ಮೂರು ದಿನ ಕಳೆದ ಮೇಲೂ ಜೀವಂತ ಹೊರಬಂದವರಿದ್ದರು. ಸತ್ತವರು 19 ಮಂದಿ.

ಆಗ ಮಾತೆಲ್ಲ ರುಜುವಿನ ಸುತ್ತ ತಿರುಗಿತು. ನಕ್ಷೆಗೆ ರುಜು ಹಾಕಿದವರು ಯಾರು, ಒಪ್ಪಿಗೆ ಕೊಟ್ಟವರು ಯಾರು, ಕೆಲಸ ನಡೆಯುವಾಗ ಹೋಗಿ ನೋಡಿದವರು ಯಾರು? ಪೊಲೀಸರು ಬಂದರು, ಪಾಲಿಕೆ ಬಂತು, ತನಿಖೆ ಬಂತು. ಇದೇ ದುರಂತ ಆಸ್ಪತ್ರೆಯೊಂದರಲ್ಲಿ ಆಗಿದ್ದರೆ ವೈದ್ಯಕೀಯ ಮಂಡಳಿ ನೋಂದಣಿ ರದ್ದು ಮಾಡಬಹುದಿತ್ತು. ವಕೀಲನ ತಪ್ಪಾಗಿದ್ದರೆ ಬಾರ್ ಕೌನ್ಸಿಲ್ ಸನದು ಕಿತ್ತುಕೊಳ್ಳಬಹುದಿತ್ತು. ಎಂಜಿನಿಯರಿಂಗಿನಲ್ಲಿ ಅಂಥ ಪೀಠವೇ ಇಲ್ಲ. ಸಂಸ್ಥೆ ತನ್ನ ಸದಸ್ಯನನ್ನು ಪಟ್ಟಿಯಿಂದ ತೆಗೆಯಬಹುದು. ಆತ ಮರುದಿನ ಇನ್ನೊಂದು ನಕ್ಷೆಗೆ ರುಜು ಹಾಕುವುದನ್ನು ತಡೆಯಲು ಅದರ ಕೈಲಾಗದು. ಸದಸ್ಯನೇ ಅಲ್ಲದವನ ಮಾತಂತೂ ಬೇಡ.

ಇಂಥ ಸಾವುಗಳಿಂದ ಬೇರೆ ದೇಶಗಳು ಪಾಠ ಕಲಿತಿವೆ. ಕೆನಡಾದ ಕ್ವಿಬೆಕ್‌ನಲ್ಲಿ 1907ರಲ್ಲಿ ಸೇತುವೆ ಕುಸಿದು 75 ಮಂದಿ ಸತ್ತರು. ವಿನ್ಯಾಸದ ಲೆಕ್ಕ ತಪ್ಪಿತ್ತು. ಅಲ್ಲಿನ ಎಂಜಿನಿಯರುಗಳು 1925ರಿಂದ ಪದವಿ ಮುಗಿಸುವಾಗ ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಟ್ಟು ಪ್ರತಿಜ್ಞೆ ಮಾಡುತ್ತಾರೆ. ಉಂಗುರ ಬರೀ ಸಂಕೇತ. ಅದರ ಜೊತೆಗೆ ಪ್ರಾಂತ್ಯ ಪ್ರಾಂತ್ಯದಲ್ಲೂ ಪರವಾನಗಿ ಕಾಯ್ದೆಯಿದೆ, ಅದನ್ನು ನಡೆಸುವುದು ಎಂಜಿನಿಯರುಗಳದೇ ಸಂಸ್ಥೆ.

ನಮ್ಮಲ್ಲಿ 2016ರ ರೇರಾ ಕಾಯ್ದೆ ಕಟ್ಟಡದ ರಚನಾ ದೋಷಕ್ಕೆ ಐದು ವರ್ಷ ಬಿಲ್ಡರನನ್ನು ಹೊಣೆ ಮಾಡುತ್ತದೆ. ಎಂಜಿನಿಯರುಗಳ ನೋಂದಣಿಗಾಗಿ ವೃತ್ತಿಪರ ಎಂಜಿನಿಯರುಗಳ ಮಸೂದೆಯ ಕರಡೊಂದನ್ನು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2025ರಲ್ಲಿ ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳಿತು. ಇಂಥ ಕಾಯ್ದೆಯ ಬೇಡಿಕೆ ಹಳೆಯದು. ಎದುರಿರುವ ಆತಂಕವೂ ಹಗುರವಲ್ಲ: ಇನ್ನೊಂದು ಪರೀಕ್ಷೆ, ಇನ್ನೊಂದು ಫೀ, ಇನ್ನೊಂದು ಆಫೀಸು ಆಗಿಬಿಟ್ಟರೆ?

ಮೂರನೆಯ ದನಿ

ಆ ಆತಂಕಕ್ಕೆ ಉತ್ತರ ಕೊಡಬೇಕಾದದ್ದು ಸಂಸ್ಥೆಗಳೇ, ತಮ್ಮ ನಡತೆಯಿಂದ. ಕಾಯ್ದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಅವಳಿ ನಗರದ ನಡುವೆ 2018ರಲ್ಲಿ ‘ಚಿಗರಿ’ ಬಸ್ಸು ಓಡತೊಡಗಿದಾಗ ಅದರ ಪ್ರತ್ಯೇಕ ಪಥದ ಬಗ್ಗೆ ಊರಲ್ಲಿ ವಾದ ಎದ್ದಿತು. 2008ರಲ್ಲಿ ಆಯ್ದ ವಾರ್ಡುಗಳಲ್ಲಿ ಇಪ್ಪತ್ನಾಲ್ಕು ತಾಸಿನ ನೀರು ಶುರುವಾದಾಗಲೂ ಹಾಗೆಯೇ. ಇಂಥ ಹೊತ್ತಿನಲ್ಲಿ ಆಳುವವರ ಹೊಗಳಿಕೆ, ವಿರೋಧಿಗಳ ತೆಗಳಿಕೆ ಎರಡೂ ಧಾರಾಳ ಸಿಗುತ್ತವೆ. ಲೆಕ್ಕ ಹಾಕಿ, ಯಾರ ಹಂಗೂ ಇಲ್ಲದೆ, ಕನ್ನಡದಲ್ಲಿ, ಮಂದಿಗೆ ತಿಳಿಯುವಂತೆ ಹೇಳುವ ಮೂರನೆಯ ದನಿ ಬೇಕು. ಎರಡು ಹಳೆಯ ಕಾಲೇಜು, ಐಐಟಿ, ರೈಲ್ವೆ, ನಿವೃತ್ತ ನೀರಾವರಿ ಎಂಜಿನಿಯರುಗಳ ದೊಡ್ಡ ಬಳಗ ಇರುವ ಊರಿನಲ್ಲಿ ಆ ದನಿಗೆ ಬೇಕಾದ ವಿದ್ಯೆಗೆ ಕೊರತೆಯಿಲ್ಲ.

ಇನ್ನೊಂದು ಕೆಲಸ ಇನ್ನೂ ಸಣ್ಣದು, ಇನ್ನೂ ತುರ್ತಿನದು. ಮೂವತ್ತು-ನಲವತ್ತರ ಜಾಗದಲ್ಲಿ ಮನೆ ಕಟ್ಟುವವನು ಎಂಜಿನಿಯರಿಗೆ ಫೀ ಯಾಕೆ ಎಂದು ಗೌಂಡಿಯ ಅಂದಾಜಿನ ಮೇಲೆ ಸರಳು ತರಿಸುತ್ತಾನೆ. ನಕ್ಷೆಯ ರುಜು ಪಾಲಿಕೆಗೆ, ಕಟ್ಟಡ ಗೌಂಡಿಗೆ. ಎರಿಮಣ್ಣಿನ ಮೇಲೆ ಪಾಯ ಎಷ್ಟು ಆಳ ಹೋಗಬೇಕು, ಎರಡರ ಮೇಲೆ ಮೂರನೇ ಅಂತಸ್ತು ಏರಿಸುವ ಮುನ್ನ ಏನು ನೋಡಬೇಕು ಎಂದು ಅಂಥವನಿಗೆ ಹೇಳಿಕೊಡುವ ಒಂದು ಕಟ್ಟೆ ಊರಲ್ಲಿದ್ದರೆ, ಸೆಪ್ಟೆಂಬರ್ 15ರ ಹಾರಕ್ಕಿಂತ ವಿಶ್ವೇಶ್ವರಯ್ಯನವರಿಗೆ ಅದು ಹೆಚ್ಚು ಒಪ್ಪುತ್ತಿತ್ತು.

1928ರಲ್ಲಿ ಸಂಸ್ಥೆ ಕೇಳಿದ ಪ್ರಶ್ನೆ, ಈ ಮನುಷ್ಯನಿಗೆ ಕೆಲಸ ಗೊತ್ತೇ ಎಂಬುದು. ಅದಕ್ಕೊಂದು ಪರೀಕ್ಷೆ ಕಟ್ಟಿತು, ಸಾವಿರಾರು ಮಂದಿಯನ್ನು ಮೇಲೆತ್ತಿತು. ಇವತ್ತಿನ ಪ್ರಶ್ನೆ ಬೇರೆ: ಕೆಲಸ ಕೆಟ್ಟಾಗ ಈ ಮನುಷ್ಯ ಯಾರಿಗೆ ಉತ್ತರ ಹೇಳುತ್ತಾನೆ? ಅದಕ್ಕೊಂದು ಪೀಠ ಕಟ್ಟುವವರೆಗೆ ಎಂಜಿನಿಯರನ ರುಜು ಶಾಯಿಯಾಗಿಯೇ ಉಳಿದಿರುತ್ತದೆ.